ಇಂಗ್ಲಿಷ್ ಬರೆಯುವಾಗ ಹೋಲಿಸಿ ಒತ್ತು ಕೊಡೋದು ಹೇಗೆ?

ಕೇಳಿದ್ದು: ಆಫೀಸ್ ಮೇಲ್, ರಿಪೋರ್ಟುಗಳಲ್ಲಿ ಏನಾದರೂ ಒತ್ತಿ ಹೇಳಬೇಕಾದರೆ ‘ವೆರಿ’ ಬಿಟ್ಟು ನನಗೆ ಬೇರೆ ಗತಿಯಿಲ್ಲ. ‘ಮೋರ್ ದ್ಯಾನ್’, ‘ಆ್ಯಸ್ ಮೆನಿ ಆ್ಯಸ್’ ಥರದ್ದನ್ನು ನೀವು ಎಲ್ಲಿ ಬಳಸುತ್ತೀರಿ, ಎಲ್ಲಿ ಬಿಡುತ್ತೀರಿ?

ಪತ್ರಿಕೆಯ ಡೆಸ್ಕಿನಿಂದ: ಬೆಳಗಾದರೆ ನನಗೆ ‘ಆ್ಯಸ್ ಮೆನಿ ಆ್ಯಸ್’ ಕಾಟ. ಸಂಖ್ಯೆ ನೋಡಿ ಓದುವವರು ಹುಬ್ಬೇರಿಸಬೇಕು ಅನ್ನುವಾಗ ಮಾತ್ರ ಅದು ಬೇಕು. ‘ಆ್ಯಸ್ ಮೆನಿ ಆ್ಯಸ್ 400 ಹೌಸಸ್’ ಸರಿ. ‘ಆ್ಯಸ್ ಮೆನಿ ಆ್ಯಸ್ ಟೂ ಬೈಕ್ಸ್’ ಅಂದರೆ ನಗು ಬರುತ್ತದೆ ಅಲ್ವಾ? ಇನ್ನೊಂದು, ‘ನೋ ಮೋರ್ ದ್ಯಾನ್ 5’ ಅಂದರೆ ಬರೀ ಐದೇ. ‘ನೋ ಫ್ಯೂವರ್ ದ್ಯಾನ್ 5’ ಅಂದರೆ ಅಬ್ಬಾ, ಐದು! ಅದಲುಬದಲಾದರೆ ಸುದ್ದಿಯ ದನಿಯೇ ತಿರುಗಿಬಿಡುತ್ತದೆ.

ಸಾಫ್ಟ್‌ವೇರಿನವರು: ‘ಐ ಕುಡಂಟ್ ಅಗ್ರೀ ಮೋರ್’ ಅಂದರೆ ಪೂರ್ತಿ ಒಪ್ಪಿದೆ ಅಂತ. ನಮ್ಮ ಟೀಮಿನ ಒಬ್ಬರು ಕೊನೆಯ ‘ಮೋರ್’ ಬಿಟ್ಟು ಕ್ಲೈಂಟಿಗೆ ಮೇಲ್ ಕಳಿಸಿದರು. ಒಪ್ಪಲು ಆಗಲ್ಲ ಅಂತಾಯಿತು. ಅತ್ತ ಕಡೆಯಿಂದ ತಕ್ಷಣ ಫೋನು! ‘ಮೋರ್ ದ್ಯಾನ್ ಹ್ಯಾಪಿ ಟು ಹೆಲ್ಪ್’ ಮೇಲಿನಲ್ಲಿ ನಡೆಯುತ್ತದೆ, ಪ್ರತಿ ಸಲ ಹಾಕಿದರೆ ಸುಮ್ನೆ ಸವಕಲು. ರಿಪೋರ್ಟಿನಲ್ಲಿ ‘ಮಚ್ ಫಾಸ್ಟರ್’ ಅಂತ ಬರೆದರೆ ಮ್ಯಾನೇಜರ್ ಕೇಳೋದೇ ‘ಯಾವುದಕ್ಕಿಂತ?’ ಅಂತ. ಹಳೇ ವರ್ಷನ್ನಿಗೆ 9 ಸೆಕೆಂಡ್, ಹೊಸದಕ್ಕೆ 3 ಅಂತ ಬರೆಯಿರಿ. ಆಮೇಲೆ ‘ಮಚ್’ ಬೇಕಾಗೋದೇ ಇಲ್ಲ.

ಇಂಗ್ಲಿಷ್ ಮೇಷ್ಟ್ರು: ‘ವೆರಿ ಬೆಟರ್’, ‘ಮೋರ್ ಬೆಟರ್’ ಎರಡೂ ಬೇಡ. ‘ಮಚ್ ಬೆಟರ್’ ಅಥವಾ ‘ಫಾರ್ ಬೆಟರ್’ ಅನ್ನಿ. ‘ಜೂಲಿಯಸ್ ಸೀಸರ್’ನಲ್ಲಿ ಆಂಟನಿಯೇ ‘ಮೋಸ್ಟ್’, ‘ಎಸ್ಟ್’ ಎರಡೂ ಸೇರಿಸಿ ‘ಮೋಸ್ಟ್ ಅನ್‌ಕೈಂಡೆಸ್ಟ್’ ಅನ್ನುತ್ತಾನಲ್ಲ ಸಾರ್ ಅಂತ ಹುಡುಗರು ವಾದಕ್ಕೆ ಬರುತ್ತಾರೆ. ಶೇಕ್ಸ್‌ಪಿಯರ್ ಕಾಲಕ್ಕೆ ಅದು ನಡೆಯುತ್ತಿತ್ತು. ಈಗ ಮಾರ್ಕ್ಸ್ ಹೋಗುತ್ತದೆ.

‘ಆ್ಯಸ್ ಡೆಡ್ ಆ್ಯಸ್ ಎ ಡೋರ್‌ನೇಲ್’ ಥರದ ಸಿದ್ಧ ಹೋಲಿಕೆಗಳನ್ನು ರಿಪೋರ್ಟಿಗೆ ತರಬೇಡಿ. 1843ರಷ್ಟು ಹಿಂದೆಯೇ ಡಿಕನ್ಸ್ ‘ಎ ಕ್ರಿಸ್ಮಸ್ ಕ್ಯಾರಲ್’ ಶುರುವಿನಲ್ಲಿ ಇದನ್ನು ಗೇಲಿ ಮಾಡಿದ್ದಾನೆ: ಬಾಗಿಲ ಮೊಳೆಯಲ್ಲಿ ಸತ್ತದ್ದೇನಿದೆ, ಶವಪೆಟ್ಟಿಗೆಯ ಮೊಳೆ ಅಂದಿದ್ದರೆ ಒಪ್ಪಬಹುದಿತ್ತು ಅಂತ! ಗೆಳೆಯರಿಗೆ ಬರೆಯುವಾಗ ಧಾರಾಳವಾಗಿ ಬಳಸಿ.

ಕೇಳಿದವರು: ಥ್ಯಾಂಕ್ಸ್. ರೆಸ್ಯೂಮೆಯಲ್ಲಿ ನನ್ನ ಕೆಲಸ ‘ಸೆಕೆಂಡ್ ಟು ನನ್’, ಅಂದರೆ ಯಾರಿಗೂ ಕಡಿಮೆಯಿಲ್ಲ, ಅಂತ ಹಾಕಿದ್ದೇನೆ. ಇರಲಾ?

ಮೇಷ್ಟ್ರು: ತೆಗೀರಿ ಮಾರಾಯರೇ. ಇಂಟರ್‌ವ್ಯೂನಲ್ಲಿ ಯಾರ‍್ಯಾರ ಜೊತೆ ಹೋಲಿಸಿಕೊಂಡಿರಿ ಅಂತ ಕೇಳಿದರೆ ಏನು ಹೇಳುತ್ತೀರಿ?