ಸ್ಪೀಡೋಮೀಟರಿನ ಅಂಕೆಗಳು ಪ್ರತಿ ಸಲ ದಪ್ಪವಾಗುತ್ತಿವೆ, ಏನು ಮಾಡಲಿ?

ನೀಲಿಬೀಟಲ್:
1/24 ಅಳತೆಯ ಹಳೆಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಪ್ಲಾಸ್ಟಿಕ್ ಮಾಡೆಲ್ ಕಟ್ಟುತ್ತಿದ್ದೇನೆ. ಹೊರಮೈಯ ಸ್ಪ್ರೇ ಚೆನ್ನಾಗಿ ಬಂತು, ಸಿಕ್ಕಿಹಾಕಿಕೊಂಡಿರುವುದು ಡ್ಯಾಶ್‌ಬೋರ್ಡಿನಲ್ಲಿ. ಈ ಕಾರಿಗೆ ಇರುವುದು ಒಂದೇ ದುಂಡು ಸ್ಪೀಡೋಮೀಟರ್, ಹಾಗಾಗಿ ಕಿಟಕಿಯಲ್ಲಿ ಇಣುಕಿದವರ ಕಣ್ಣು ನೇರ ಅಲ್ಲಿಗೇ ಹೋಗುತ್ತದೆ. ಅಗಲ ಸುಮಾರು 4 ಮಿ.ಮೀ. ಅಂಕೆ, ಗೆರೆ ಎಲ್ಲ ಅಚ್ಚಿನಲ್ಲೇ ಉಬ್ಬಿಕೊಂಡಿವೆ.

ಕಪ್ಪು ಅಕ್ರಿಲಿಕ್ ಬಳಿದು, ಒಣಗಿಸಿ, ಉಬ್ಬಿದ ಅಂಕೆಗಳ ಮೇಲೆ ಬಿಳಿ ಇಡಲು ಮೂರು ಸಲ ಕೂತೆ. ಕುಂಚ 10/0, ನನ್ನ ಹತ್ತಿರ ಅದಕ್ಕಿಂತ ಸಣ್ಣದಿಲ್ಲ. ಪ್ಯಾಲೆಟ್ ಬಿಟ್ಟು ಡಯಲ್ ತಲುಪುವಷ್ಟರಲ್ಲಿ ತುದಿಯ ಬಣ್ಣ ಒಣಗಿರುತ್ತದೆ. ಇನ್ನಷ್ಟು ಅದ್ದಿದರೆ ಬೊಟ್ಟು ಬಿದ್ದು 60ರ ಸೊನ್ನೆ ಮುಚ್ಚಿಹೋಗುತ್ತದೆ. ಮೂರನೆಯ ಸಲ ತಪ್ಪನ್ನು ಥಿನ್ನರಿನಲ್ಲಿ ಒರೆಸಲು ಹೋದೆ. ಕೆಳಗಿನ ಕಪ್ಪೂ ಕಿತ್ತುಬಂದು ಪ್ಲಾಸ್ಟಿಕ್ ಕಾಣಿಸಿತು. ಆ ರಾತ್ರಿ ಬಹಳ ಬೇಜಾರಾಯಿತು.

ಕೈ ನಡುಗುವುದನ್ನು ತಡೆಯಲು ಏನಾದರೂ ಅಭ್ಯಾಸ ಇದೆಯೇ? ಹಾಗೇ, ಮುಂದಿನ ಮುಚ್ಚಳದ ಪುಟ್ಟ ಲಾಂಛನ ಮತ್ತು ಕಿಟಕಿಯ ಸುತ್ತಲಿನ ಕ್ರೋಮ್ ಪಟ್ಟಿಗೆ ಏನು ಬಳಸುತ್ತೀರಿ?

ಮೊನೆಕುಂಚ:
ಮೊದಲು ಆ 10/0 ಬದಿಗಿಡಿ. ಕುಂಚದಲ್ಲಿ ಕೆಲಸ ಮಾಡುವುದು ತುದಿ, ಆದರೆ ತುದಿಗೆ ಬಣ್ಣ ಒದಗಿಸುವುದು ಹೊಟ್ಟೆ, ಅಂದರೆ ಕೂದಲಿನ ನಡುವಿನ ದಪ್ಪ ಭಾಗ. ನಾಲ್ಕೈದು ಕೂದಲಿನ ಕುಂಚಕ್ಕೆ ಹೊಟ್ಟೆಯೇ ಇಲ್ಲ, ಅದಕ್ಕೇ ದಾರಿಯಲ್ಲೇ ಒಣಗುತ್ತಿದೆ. ಅದಕ್ಕಿಂತ ದೊಡ್ಡದಾದ, ಮೊನೆ ಚೂಪಾಗಿ ಕೂಡುವ 0 ಅಥವಾ 1 ನಂಬರಿನದು ತೆಗೆದುಕೊಳ್ಳಿ. ಅಕ್ರಿಲಿಕ್‌ಗೆ ಒಂದು ಹನಿ ರಿಟಾರ್ಡರ್ (ಬಣ್ಣ ನಿಧಾನ ಒಣಗುವಂತೆ ಮಾಡುವ ದ್ರವ) ಬೆರೆಸಿ.

ಕೈ ನಡುಗುವುದಕ್ಕೆ: ಮೊಣಕೈ ಎರಡೂ ಮೇಜಿನ ಮೇಲಿರಲಿ, ಎರಡು ಮಣಿಕಟ್ಟುಗಳ ಬುಡ ಒಂದಕ್ಕೊಂದು ಒತ್ತಿಕೊಂಡಿರಲಿ. ಆಗ ಭಾಗವೂ ಕುಂಚವೂ ಒಟ್ಟಿಗೇ ಅಲುಗುತ್ತವೆ. ಭಾಗವನ್ನು ಬರಿಗೈಯಲ್ಲಿ ಹಿಡಿಯಬೇಡಿ, ಒಂದು ಕಡ್ಡಿಗೆ ಅಂಟಿಸಿ ಹಿಡಿಯಿರಿ.

ಉಬ್ಬುಗೆರೆ:
ಕುಂಚದ ಬಗ್ಗೆ ಮೇಲಿನವರು ಹೇಳಿದ್ದು ನಿಜ. ಆದರೆ ಈ ಡಯಲ್‌ಗೆ ಕುಂಚವೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ಲೆಕ್ಕ ಹಾಕಿ ನೋಡಿ: ನಿಜವಾದ ಕಾರಿನಲ್ಲಿ ಅಂಕೆಯ ಗೆರೆ 2 ಮಿ.ಮೀ. ದಪ್ಪ ಇದ್ದರೆ ನಿಮ್ಮ ಮಾಡೆಲ್‌ನಲ್ಲಿ ಅದು 0.08 ಮಿ.ಮೀ., ತಲೆಗೂದಲಿನಷ್ಟು. ಅದನ್ನು ಬಿಡಿಸುವ ಕೈ ನನಗೂ ಇಲ್ಲ. ಅಚ್ಚು ಮಾಡಿದವರು ಅಂಕೆಗಳನ್ನು ಆಗಲೇ ಬರೆದುಕೊಟ್ಟಿದ್ದಾರೆ, ನಾವು ಅವನ್ನು ಕಾಣಿಸುವಂತೆ ಮಾಡಿದರೆ ಸಾಕು.

ಕ್ರಮ ತಿರುಗಿಸಿ. ಮೊದಲು ಇಡೀ ಡಯಲ್‌ಗೆ ತೆಳುವಾಗಿ ಬಿಳಿ, ಅಕ್ರಿಲಿಕ್ ಆದರೂ ಸರಿ, ಲ್ಯಾಕರ್ (ಬೇಗ ಒಣಗುವ ದ್ರಾವಕ ಬಣ್ಣ) ಆದರೂ ಸರಿ. ಒಂದು ಇಡೀ ದಿನ ಬಿಡಿ. ಇಲ್ಲಿ ಅವಸರ ಮಾಡಿದರೆ ಮುಂದಿನದ್ದೆಲ್ಲ ಕೆಡುತ್ತದೆ. ಆಮೇಲೆ ಅದರ ಮೇಲೆ ಕಪ್ಪು ಎನಾಮಲ್ (ನಿಧಾನ ಒಣಗುವ ಎಣ್ಣೆ ಬಣ್ಣ), ತಗ್ಗುಗಳೆಲ್ಲ ತುಂಬುವ ಹಾಗೆ. ಹೊಳಪು ಇಳಿದ ಮೇಲೆ, ಹತ್ತಿಬಟ್ಟೆಯ ತುಂಡನ್ನು ಚಪ್ಪಟೆ ಕಡ್ಡಿಯ ಮೇಲೆ ಬಿಗಿಯಾಗಿ ಎಳೆದು ಕಟ್ಟಿ, ಎನಾಮಲ್ ಥಿನ್ನರ್ ತಾಕಿಸಿ, ಕಾಗದದ ಮೇಲೆ ಒತ್ತಿ ಬಹುತೇಕ ಒಣಗಿಸಿ, ಡಯಲ್ ಮೇಲೆ ಒಮ್ಮೆ ಸವರಿ. ಬಟ್ಟೆ ಬಿಗಿಯಾಗಿರುವುದರಿಂದ ತಗ್ಗಿಗೆ ಇಳಿಯುವುದಿಲ್ಲ, ಉಬ್ಬಿನ ನೆತ್ತಿಯನ್ನು ಮಾತ್ರ ಒರೆಸುತ್ತದೆ. ಬಿಳಿ ಅಂಕೆಗಳು ತಾವಾಗಿಯೇ ಮೇಲೆ ಬರುತ್ತವೆ. ಮೊದಲ ಸಲ ಇದು ಕೂಡಿಬಂದಾಗ ನಾನು ಭೂತಗನ್ನಡಿ ಕೆಳಗಿಡದೆ ಎಷ್ಟೋ ಹೊತ್ತು ನೋಡುತ್ತಾ ಕೂತಿದ್ದೆ.

ನಿಮ್ಮ ಕಪ್ಪು ಕಿತ್ತುಬಂದಿದ್ದು ಯಾಕೆ ಅಂದರೆ, ಮೇಲೂ ಕೆಳಗೂ ಒಂದೇ ಜಾತಿಯ ಬಣ್ಣ. ಒಂದನ್ನು ಕರಗಿಸಿದ್ದು ಇನ್ನೊಂದನ್ನೂ ಕರಗಿಸುತ್ತದೆ. ಎನಾಮಲ್ ಥಿನ್ನರ್ ಪೂರ್ತಿ ಒಣಗಿದ ಅಕ್ರಿಲಿಕ್ ಅಥವಾ ಲ್ಯಾಕರನ್ನು ಎಬ್ಬಿಸುವುದಿಲ್ಲ. ಲ್ಯಾಕರ್ ಥಿನ್ನರ್ ಮಾತ್ರ ಎಲ್ಲವನ್ನೂ ತಿನ್ನುತ್ತದೆ, ಅದರ ಬಾಟಲಿ ಈ ಹೊತ್ತು ಮೇಜಿನ ಮೇಲೇ ಬೇಡ. ಎನಾಮಲ್ ಥಿನ್ನರ್ ಕೂಡ ಬಣ್ಣವಿಲ್ಲದ ಪ್ಲಾಸ್ಟಿಕ್ ಮೇಲೆ ಮಡುಗಟ್ಟಿ ನಿಂತರೆ ಬಿರುಕು ಬಿಡಿಸಬಹುದು, ಆದ್ದರಿಂದ ಒದ್ದೆ ಬಟ್ಟೆ ಬೇಡ.

ಮೊನೆಕುಂಚ:
ಇದಕ್ಕಿಂತ ಡೆಕಾಲ್ (ಅಂಕೆಗಳನ್ನು ಮುದ್ರಿಸಿದ ತೆಳು ಅಂಟುಚಿತ್ರ) ಸುಲಭವಲ್ಲವೇ?

ಉಬ್ಬುಗೆರೆ:
ಚಪ್ಪಟೆ ಡಯಲ್ ಆಗಿದ್ದರೆ ಖಂಡಿತ. ಉಬ್ಬಿನ ಮೇಲೆ ಡೆಕಾಲ್ ಸರಿಯಾಗಿ ಕೂರುವುದಿಲ್ಲ, ಮೊದಲು ಎಲ್ಲವನ್ನೂ ಉಜ್ಜಿ ತೆಗೆಯಬೇಕು. ಅಷ್ಟು ಒಳ್ಳೆಯ ಅಚ್ಚನ್ನು ಉಜ್ಜಲು ನನಗೆ ಮನಸ್ಸು ಬರುವುದಿಲ್ಲ.

ಹೊಸಬ್ಲೇಡ್:
ಕ್ರೋಮ್ ಬಗ್ಗೆ ನಾನು ಹೇಳುತ್ತೇನೆ. ಕಿಟಕಿಯ ಪಟ್ಟಿಗೆ ಬೇರ್-ಮೆಟಲ್ ಫಾಯಿಲ್, ಅಂದರೆ ಹಿಂಬದಿಗೆ ಅಂಟು ಇರುವ ತೀರಾ ತೆಳು ಲೋಹದ ಹಾಳೆ. ಟೂತ್‌ಪಿಕ್‌ನಿಂದ ಅಂಚಿಗೆ ಒತ್ತಿ ಕೂರಿಸಿ, ಹೊಸ ಬ್ಲೇಡಿನಲ್ಲಿ ಕತ್ತರಿಸಿ. ಮೊಂಡು ಬ್ಲೇಡ್ ಫಾಯಿಲ್ಲನ್ನು ಹರಿಯುತ್ತದೆ, ಕೆಳಗಿನ ಬಣ್ಣಕ್ಕೂ ಗೀರು ಹಾಕುತ್ತದೆ.

ಲಾಂಛನಕ್ಕೆ ನಿಜವಾದ ಉಪಾಯ ಬಣ್ಣಕ್ಕೂ ಮೊದಲೇ ಫಾಯಿಲ್ ಅಂಟಿಸುವುದು. ಆಮೇಲೆ ಹೊರಮೈ ಬಣ್ಣ ಹೊಡೆದು, ಉಬ್ಬಿನ ಮೇಲಿನದನ್ನಷ್ಟೇ ಥಿನ್ನರ್ ತಾಕಿಸಿದ ಬಟ್ಟೆಯಿಂದ ತೆಗೆದರೆ ಒಳಗಿನ ಲೋಹ ಹೊಳೆಯುತ್ತದೆ. ನಿಮ್ಮದು ಆಗಲೇ ಬಣ್ಣವಾಗಿದೆ, ಅದನ್ನು ಮುಂದಿನ ಕಾರಿಗೆ ಇಟ್ಟುಕೊಳ್ಳಿ. ಈಗ ಮೊಲೊಟೊವ್ ಕಂಪನಿಯ ಕ್ರೋಮ್ ಪೆನ್ನಿನ ಶಾಯಿಯನ್ನು ಪ್ಯಾಲೆಟ್ ಮೇಲೆ ಒಂದು ಹನಿ ಇಳಿಸಿ, ಚೂಪು ಮಾಡಿದ ಟೂತ್‌ಪಿಕ್‌ನಲ್ಲಿ ತೆಗೆದು ಉಬ್ಬಿಗೆ ಮುಟ್ಟಿಸಿ. ಆಮೇಲೆ ಕೆಲವು ದಿನ ಬೆರಳು ತಾಗಿಸಬೇಡಿ, ಮೇಲೆ ಕ್ಲಿಯರ್ ಕೋಟ್ (ಪಾರದರ್ಶಕ ಲೇಪ) ಹೊಡೆಯಬೇಡಿ. ಎರಡರಿಂದಲೂ ಹೊಳಪು ಮಂಕಾಗಿ ಬೂದು ಬಣ್ಣಕ್ಕೆ ತಿರುಗುತ್ತದೆ.

ನೀಲಿಬೀಟಲ್:
ಹಳೆಯ ಬಣ್ಣವನ್ನೆಲ್ಲ ತೆಗೆದು ಬಿಳಿಯಿಂದ ಶುರು ಮಾಡಿದೆ. ಮೊದಲು ಬೇಡದ ಟಯರ್ ಒಂದರ ಉಬ್ಬಕ್ಷರದ ಮೇಲೆ ಪ್ರಯೋಗ. ಬಟ್ಟೆ ಒದ್ದೆಯಾಗಿತ್ತು, ಕಪ್ಪೆಲ್ಲ ಹೋಯಿತು. ಎರಡನೆಯ ಸಲ ಕಾಗದದ ಮೇಲೆ ಚೆನ್ನಾಗಿ ಒತ್ತಿದೆ, ಸರಿಬಂತು. ಇವತ್ತು ಸಂಜೆ ಡಯಲ್ ಒರೆಸಿದೆ. 60ರ ಸೊನ್ನೆಯ ಒಳಗೆ ಕಪ್ಪು ನಿಂತಿದೆ! ಎಡತುದಿಯ ಒಂದು ಗೆರೆ ಸ್ವಲ್ಪ ಮಸುಕು, ಆದರೆ ಅದನ್ನು ಇನ್ನು ಮುಟ್ಟುವುದಿಲ್ಲ. ಇದರ ಮೇಲೆ ಗಾಜಿನಂತೆ ಕಾಣಲು ಏನು ಹಾಕಲಿ?

ಉಬ್ಬುಗೆರೆ:
ಬಹಳ ಸಂತೋಷವಾಯಿತು. ಎನಾಮಲ್ ಎರಡು ಮೂರು ದಿನ ಗಟ್ಟಿಯಾಗಲಿ. ಆಮೇಲೆ ನೀರು ಆಧಾರದ ಗ್ಲಾಸ್ ಕ್ಲಿಯರ್ (ಒಣಗಿದರೆ ಗಾಜಿನಂತೆ ಕಾಣುವ ಪಾರದರ್ಶಕ ದ್ರವ) ಒಂದೇ ಹನಿ, ನಡುವಿಗೆ. ಅಂಚಿನವರೆಗೆ ತಾನೇ ಹರಡಿ ನಿಲ್ಲುತ್ತದೆ. ಗುಳ್ಳೆ ಕಂಡರೆ ಹಸಿ ಇರುವಾಗಲೇ ಸೂಜಿಯಿಂದ ಒಡೆಯಿರಿ, ರಾತ್ರಿಯಿಡೀ ಸಮತಟ್ಟಾಗಿ ಇಟ್ಟು ಮೇಲೊಂದು ಡಬ್ಬಿ ಮುಚ್ಚಿ. ಧೂಳು ಬಿದ್ದರೆ ತೆಗೆಯಲು ಬರುವುದಿಲ್ಲ.