ನಳಿಗೆಯ ತುದಿಗೆ ಥ್ರೆಡ್ ಹಾಕಿಸಿದ ಮೇಲೆ ಗ್ರೂಪ್ ಚದುರುತ್ತಿದೆ

ಪ್ರಶ್ನೆ (ವಾಕಡ್, ಪುಣೆ)

ನಮಸ್ಕಾರ. ನನ್ನ ಮಗಳು ಬಾಲೆವಾಡಿಯ ಕ್ರೀಡಾ ಸಂಕೀರ್ಣದ ರೇಂಜಿನಲ್ಲಿ 10 ಮೀಟರ್ ಏರ್ ರೈಫಲ್ ಅಭ್ಯಾಸ ಮಾಡುತ್ತಾಳೆ. ಮುಂದಿನ ಸೈಟನ್ನು (ಗುರಿ ಹಿಡಿಯಲು ನೋಡುವ ಸಾಧನವನ್ನು) ಇನ್ನಷ್ಟು ಮುಂದಕ್ಕೆ ಒಯ್ಯುವ ಟ್ಯೂಬ್ ಕೂರಿಸಲೆಂದು ಇಲ್ಲಿಯ ಒಂದು ವರ್ಕ್‌ಶಾಪಿನಲ್ಲಿ ನಳಿಗೆಯ ತುದಿಗೆ ಥ್ರೆಡ್ (ಸ್ಕ್ರೂವಿನಂಥ ಸುರುಳಿ ಗೀರು) ಹಾಕಿಸಿದೆವು. ಮೊದಲು ಒಂದೇ ತೂತಿನಂತೆ ಕಾಣುತ್ತಿದ್ದ ಗ್ರೂಪ್, ಅಂದರೆ ಗುರಿಯ ಮೇಲೆ ಬಿದ್ದ ಹೊಡೆತಗಳ ಗುಂಪು, ಅಂದಿನಿಂದ ಅಗಲವಾಗಿದೆ. ಅದೂ ಸಾಲದೆಂಬಂತೆ, ಅಭ್ಯಾಸದ ನಡುವೆಯೇ ಇಡೀ ಗ್ರೂಪ್ ಪಕ್ಕಕ್ಕೆ ಸರಿಯುತ್ತದೆ. ಅವಳ ನಿಲುವಿನಲ್ಲಾಗಲಿ ಟ್ರಿಗರ್ ಎಳೆಯುವುದರಲ್ಲಾಗಲಿ ದೋಷವಿಲ್ಲವೆಂದು ಕೋಚ್ ಹೇಳುತ್ತಾರೆ. ಥ್ರೆಡ್ಡನ್ನು ಇನ್ನೊಮ್ಮೆ ಹಾಕಿಸಿದರೆ ಸರಿಹೋದೀತೇ?

ಉತ್ತರ 1 (ಭೋಸರಿ, ಟೂಲ್‌ರೂಮ್ ಕೆಲಸ)

ದಯವಿಟ್ಟು ಅಳತೆ ನೋಡದೆ ಮತ್ತೆ ಲೇತಿಗೆ ಕೊಡಬೇಡಿ. ನಳಿಗೆಯ ಹೊರಮೈಯೂ ಒಳಗಿನ ರಂಧ್ರವೂ ಒಂದೇ ಕೇಂದ್ರದಲ್ಲಿ ಇರುತ್ತವೆಂದು ನಂಬಿ ಹೊರಮೈಯನ್ನೇ ಲೇತಿನ ಚಕ್ಕಿನಲ್ಲಿ (ಹಿಡಿಕೆಯಲ್ಲಿ) ಹಿಡಿದು ಥ್ರೆಡ್ ಹಾಕುವುದು ಸಾಮಾನ್ಯವಾಗಿ ನಡೆಯುವ ತಪ್ಪು. ರಂಧ್ರಕ್ಕೆ ಬಿಗಿಯಾಗಿ ಕೂರುವ ಸಲಾಕೆಯನ್ನು ತೂರಿಸಿ, ಅದರ ಮೇಲೆ ಓಲಾಟವನ್ನು ಮುಳ್ಳಿನಲ್ಲಿ ತೋರಿಸುವ ಡಯಲ್ ಇಟ್ಟು, ಮುಳ್ಳು ಅಲುಗದಂತೆ ಕೇಂದ್ರ ಹಿಡಿದ ಮೇಲೆಯೇ ಟೂಲ್ ಮುಟ್ಟಿಸಬೇಕು. ಟ್ಯೂಬನ್ನು ನೇರವಾಗಿ ನಿಲ್ಲಿಸುವುದು ಥ್ರೆಡ್ಡಲ್ಲ, ಅದರ ಬುಡದಲ್ಲಿರುವ ಶೋಲ್ಡರ್, ಅಂದರೆ ಟ್ಯೂಬ್ ಬಂದು ತಾಗುವ ಮೆಟ್ಟಿಲಿನಂಥ ಅಂಚು. ಅದು ರಂಧ್ರಕ್ಕೆ ಲಂಬವಾಗಿಲ್ಲದಿದ್ದರೆ ಟ್ಯೂಬ್ ಒಂದೇ ಅಂಚಿನಲ್ಲಿ ತಾಗಿ, ಎಷ್ಟು ಬಿಗಿದರೂ ಮೆಲ್ಲಗೆ ಸಡಿಲಗೊಳ್ಳುತ್ತದೆ.

ಉತ್ತರ 2 (ಔಂಧ್, ರೈಫಲ್ ಶೂಟರ್)

ಗ್ರೂಪ್ ಸರಿಯುವುದಕ್ಕೆ ಕಾರಣ ಬಹುಶಃ ಆ ಸಡಿಲವೇ, ಏಕೆಂದರೆ ನಿಮ್ಮ ಮುಂದಿನ ಸೈಟ್ ಇರುವುದು ಟ್ಯೂಬಿನ ಮೇಲೆ. ಎರಡು ಸೈಟುಗಳ ನಡುವೆ 80 ಸೆಂ.ಮೀ. ಅಂತರವಿದ್ದು ಮುಂದಿನದು 0.05 ಮಿ.ಮೀ. ಅಲುಗಿದರೂ ಗುರಿಯಲ್ಲಿ ಹೊಡೆತ 0.6 ಮಿ.ಮೀ. ಸರಿಯುತ್ತದೆ. ಹತ್ತು ಅಂಕದ ನಡುಚುಕ್ಕೆಯ ವ್ಯಾಸವೇ 0.5 ಮಿ.ಮೀ. ಇರುವ ಈ ಸ್ಪರ್ಧೆಯಲ್ಲಿ, ಅಂಕಗಳ ದಶಾಂಶದ ಲೆಕ್ಕಕ್ಕೆ ಬಂದರೆ, ಅದು ಪ್ರತಿ ಹೊಡೆತಕ್ಕೂ 0.2 ಅಂಕಕ್ಕಿಂತ ಹೆಚ್ಚಿನ ನಷ್ಟವಾಗಬಹುದು. ಮಗುವನ್ನು ದೂರುವ ಮುನ್ನ ಉಪಕರಣವನ್ನು ನೋಡಿದ ನಿಮ್ಮ ಕೋಚ್ ಅವರನ್ನು ಮೆಚ್ಚಲೇಬೇಕು.

ಉತ್ತರ 3 (ಚಿಂಚವಡ)

ಅಗಲವಾದ ಗ್ರೂಪಿಗೆ ಬೇರೆ ಕಾರಣವನ್ನೂ ಹುಡುಕಬೇಕು. ಬಟನ್ ಎಂಬ ಗಟ್ಟಿ ಉಪಕರಣವನ್ನು ರಂಧ್ರದೊಳಗೆ ಎಳೆದು ಸುರುಳಿ ಗೀರು ಮೂಡಿಸಿದ ನಳಿಗೆಯ ಲೋಹದೊಳಗೆ ಒತ್ತಡ ಉಳಿದಿರುತ್ತದೆ. ತುದಿಯ ಹೊರಮೈಯನ್ನು ಕೊರೆದು ತೆಳುವಾಗಿಸಿದಾಗ ಆ ಒತ್ತಡ ಸಡಿಲಿ ಅಲ್ಲಿಯ ರಂಧ್ರ ಕೂದಲೆಳೆಯಷ್ಟು ಹಿಗ್ಗುತ್ತದೆ, ಪೆಲೆಟ್ (ಏರ್ ರೈಫಲ್ಲಿನ ಪುಟ್ಟ ಗುಂಡು) ತನ್ನ ಕೊನೆಯ ಹಿಡಿತವನ್ನೇ ಕಳೆದುಕೊಳ್ಳುತ್ತದೆ. ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಗಾಳಿಯ ಸಿಲಿಂಡರನ್ನು ಕಳಚಿ, ರೈಫಲ್ ಖಾಲಿಯಿದೆಯೆಂದು ಖಚಿತಪಡಿಸಿಕೊಂಡು, ಒಂದು ಪೆಲೆಟ್ಟನ್ನು ಹಿಂದಿನಿಂದ ಮರದ ಕಡ್ಡಿಯಲ್ಲಿ ನಿಧಾನವಾಗಿ ತಳ್ಳಿರಿ. ಸರಿಯಾದ ನಳಿಗೆಯಲ್ಲಿ ಬಿಗಿ ಕೊನೆಯವರೆಗೂ ಕೈಗೆ ತಿಳಿಯುತ್ತದೆ. ಥ್ರೆಡ್ ಶುರುವಾಗುವ ಜಾಗದಲ್ಲಿ ಅದು ಥಟ್ಟನೆ ಜಾರಿದರೆ ರಂಧ್ರ ಹಿಗ್ಗಿದೆಯೆಂದೇ ಅರ್ಥ, ಹೊಸ ಥ್ರೆಡ್ಡಿನಿಂದ ಅದು ಗುಣವಾಗದು. ಆಗ ಆ ತುಂಡನ್ನು ಕತ್ತರಿಸಿ ತೆಗೆಸಿ, ಬಾಯಿಯನ್ನು ರಂಧ್ರಕ್ಕೆ ಲಂಬವಾಗಿ ಹೊಸದಾಗಿ ಮಾಡಿಸಿ, ಹೊರಗಿನಿಂದ ಕ್ಲಾಂಪ್ ಬಿಗಿಯುವ ಟ್ಯೂಬ್ ಹಾಕಿಸಿರಿ. ಏರ್ ರೈಫಲ್ ಬಲ್ಲ ಅನುಭವಿಗಳಿಂದಲೇ ಈ ಕೆಲಸ ಆಗಲಿ. ಮುಂದೆ ಮಗಳು 50 ಮೀಟರಿನ .22 ರೈಫಲ್ಲಿಗೆ ಹೋದರೆ, ಅದರ ದುರಸ್ತಿಯನ್ನು ಪರವಾನಗಿ ಇರುವ ಗನ್‌ಸ್ಮಿತ್‌ರಲ್ಲಿ ಮಾತ್ರ ಮಾಡಿಸಬೇಕು. 1959ರ ಆಯುಧ ಕಾಯ್ದೆ ಹೇಳುವುದೂ ಅದನ್ನೇ.