ಬಾಗ್ ರೋಸ್‌ಮೆರಿ ಚಿಗುರು ಹಳದಿ, ಯಾರಾದ್ರೂ ಹೇಳ್ರಪ್ಪ

ಹಿತ್ತಲಮನೆ_ಶಿಕಾಗೋ: ನನ್ನ ಬಾಗ್ ರೋಸ್‌ಮೆರಿ (ಜೌಗಿನ ಪೊದೆಗಿಡ, ಅಡುಗೆ ರೋಸ್‌ಮೆರಿ ಅಲ್ಲ) ಬ್ಲೂ ಐಸ್ ತಳಿ. ನರ್ಸರಿಯಿಂದ ತಂದಾಗ ಎಲೆಗಳಿಗೆ ನೀಲಿ-ಬೂದು ಹೊಳಪಿತ್ತು. ಈಗ ಹೊಸ ಚಿಗುರೆಲ್ಲ ಹಳದಿ. ನೀರು ತಪ್ಪಿಸಿಲ್ಲ, ಗೊಬ್ಬರಾನೂ ಹಾಕಿದೆ. ತಲೆ ಕೆಟ್ಟುಹೋಗಿದೆ.

ಬೇರುಗಾರ: ಬೇರು ಕೊಳೆತಿದೆ. ನೀರು ಕಮ್ಮಿ ಮಾಡಿ.

ಜೌಗುಪ್ರೇಮಿ: ಸ್ಫ್ಯಾಗ್ನಂ ಪಾಚಿ ಮಧ್ಯೆ ಬೆಳೆಯೋ ಗಿಡ ಸಾರ್ ಇದು, ಒಣಗಿಸಿದ್ರೆ ಸತ್ತೇ ಹೋಗುತ್ತೆ. 1732ರಲ್ಲಿ ಸಸ್ಯವಿಜ್ಞಾನಿ ಲಿನ್ನೇಯಸ್ ಉತ್ತರ ಯುರೋಪಿನ ಲ್ಯಾಪ್‌ಲ್ಯಾಂಡಲ್ಲಿ ನೋಡಿದ್ದೂ ಜೌಗಲ್ಲೇ. ಗ್ರೀಕ್ ಪುರಾಣದಲ್ಲಿ ಸಮುದ್ರದ ಬಂಡೆಗೆ ಕಟ್ಟಿಹಾಕಿದ್ದ ರಾಜಕುಮಾರಿ ಆಂಡ್ರೊಮಿಡ ನೆನಪಾಗಿ ಗಿಡಕ್ಕೂ ಆಂಡ್ರೊಮಿಡ ಅಂತಲೇ ಹೆಸರಿಟ್ಟ.

ಬೇರುಗಾರ: ಲಿನ್ನೇಯಸ್ ಕುಂಡದಲ್ಲಿ ಬೆಳೆಸಿರಲಿಲ್ಲ. ಕಿತ್ತು ನೋಡಿ.

ಹಿತ್ತಲಮನೆ_ಶಿಕಾಗೋ: ನೋಡ್ದೆ. ಕೂದಲಿನಂಥ ಬೇರು, ಗಟ್ಟಿಯಾಗೇ ಇದೆ. ಕೊಳೆತ ವಾಸನೆ ಇಲ್ಲ.

ಬೇರುಗಾರ: ಒಳಗೊಳಗೇ ಶುರುವಾಗಿರುತ್ತೆ. ಫಂಗಿಸೈಡ್ (ಶಿಲೀಂಧ್ರನಾಶಕ) ಹಾಕಿ.

ಜೌಗುಪ್ರೇಮಿ: ಹಳದಿ ಎಲೆಯ ನರ ಹಸಿರಾಗಿದೆಯಾ? ಮಣ್ಣು ಯಾವುದು, ನೀರು ಎಲ್ಲಿಂದು?

ಹಿತ್ತಲಮನೆ_ಶಿಕಾಗೋ: ನರ ಹಸಿರೇ. ಮಾಮೂಲಿ ಪಾಟಿಂಗ್ ಮಿಕ್ಸ್. ಬೋರ್ ನೀರು. ಕೆಟಲ್ ಒಳಗೆಲ್ಲ ಬಿಳಿ ಪೊರೆ ಕಟ್ಟುತ್ತೆ, ಅದಕ್ಕೂ ಇದಕ್ಕೂ ಏನು ಸಂಬಂಧ?

ಜೌಗುಪ್ರೇಮಿ: ಇಷ್ಟು ಹೊತ್ತು ಅದನ್ನ ಹೇಳದೆ ಕೂತಿದ್ರಾ! ಸುಣ್ಣದ ನೀರು ಅದು. ಮಾಮೂಲಿ ಮಿಕ್ಸಿಗೂ ಸುಣ್ಣ ಬೆರೆಸಿರ್ತಾರೆ. ಪಿಎಚ್ (ಹುಳಿಯ ಅಳತೆ, ಕಮ್ಮಿ ಇದ್ದಷ್ಟೂ ಹುಳಿ ಜಾಸ್ತಿ) ಏರಿದ್ರೆ ಮಣ್ಣಲ್ಲಿ ಕಬ್ಬಿಣ ಇದ್ದೂ ಬೇರಿಗೆ ದಕ್ಕಲ್ಲ. ಇದಕ್ಕೆ 5ರ ಆಸುಪಾಸು ಬೇಕು. ಪೀಟ್ ಮಾಸ್‌ಗೆ (ಜೌಗಿಂದ ಅಗೆದ ಅರೆಕೊಳೆತ ಪಾಚಿ, ಹುಳಿ ಇರುತ್ತೆ) ಬದಲಿಸಿ, ಮಳೆನೀರು ಹಾಕಿ. ಸಾಫ್ಟ್‌ನರ್ (ಗಡಸು ನೀರು ಮೆದು ಮಾಡೋ ಯಂತ್ರ) ನೀರು ಬೇಡವೇ ಬೇಡ, ಸೋಡಿಯಂ ಇರುತ್ತೆ. ಗೊಬ್ಬರ ನಿಲ್ಲಿಸಿ, ಬಡ ಮಣ್ಣಿನ ಗಿಡ ಇದು.

ಟೆರೇಸ್_ತಿಪಟೂರು: ಪೀಟ್ ಅಗೆದು ಜೌಗು ಯಾಕ್ರೀ ಹಾಳು ಮಾಡ್ತೀರ? ತೆಂಗಿನ ನಾರಿನ ಕೊಕೊಪೀಟ್ ಹಾಕಿ.

ಜೌಗುಪ್ರೇಮಿ: ಅದರ ಪಿಎಚ್ 6ರ ಹತ್ತಿರ. ಸಾಲದು.

ಟೆರೇಸ್_ತಿಪಟೂರು: ನನ್ನ ಬ್ಲೂಬೆರಿ ಅದರಲ್ಲೇ ಇದೆ. ಡ್ರಿಪ್, ಟೈಮರ್, ಶೇಡ್‌ನೆಟ್ ಎಲ್ಲ ಇದೆ.

ಬೇರುಗಾರ: ಹಣ್ಣು ಬಿಡ್ತಾ?

ಟೆರೇಸ್_ತಿಪಟೂರು: ಡ್ರಿಪ್ ಫೋಟೋ ಹಾಕ್ತೀನಿ, ನೋಡಿ.

ಹಿತ್ತಲಮನೆ_ಶಿಕಾಗೋ: ನನ್ನ ಗಿಡದ ಕಥೆ ಹೇಳ್ರೋ! ಮಳೆ ಯಾವಾಗ ಬರುತ್ತೋ. ನೀರಿಗೆ ವಿನೆಗರ್ ಬೆರೆಸಿದ್ರೆ?

ಜೌಗುಪ್ರೇಮಿ: ಅದು ಸ್ವಲ್ಪ ದಿನದ ಆಟ, ಮಣ್ಣಿನ ಸೂಕ್ಷ್ಮಜೀವಿಗಳು ತಿಂದು ಮುಗಿಸುತ್ತವೆ. ಮಳೆ ಬರೋವರೆಗೂ ಆರ್‌ಒ ನೀರು ಹಾಕಿ. ಹಳದಿಯಾದ ಎಲೆ ನೋಡ್ತಾ ಕೂರಬೇಡಿ, ಮುಂದೆ ಬರೋ ಚಿಗುರು ನೋಡಿ. ಮನೇಲಿ ಮಗು, ನಾಯಿ ಇದ್ರೆ ಹುಷಾರು, ಎಲೇಲಿ ಗ್ರಯಾನೋಟಾಕ್ಸಿನ್ ವಿಷ ಇದೆ. ರೋಸ್‌ಮೆರಿ ಅಂತ ಅಡುಗೆಗೆ ಹಾಕೀರ ಮತ್ತೆ.

ಬೇರುಗಾರ: ಎಲ್ಲ ಸರಿ, ಫಂಗಿಸೈಡ್ ಮರೀಬೇಡಿ.